ಕಾಫಿಯನ್ನು ನೀರಿನ ಲೆಕ್ಕಕ್ಕೆ ಸೇರಿಸಿಕೊಂಡೆ

ಒಮ್ಮೆ ಕಿಡ್ನಿ ಸ್ಟೋನ್ ಆದವರಿಗೆ ನೀರಿನ ಬಗ್ಗೆ ಉಪದೇಶ ಮಾಡುವವರ ಕೊರತೆ ಇರುವುದಿಲ್ಲ. ನಾಲ್ಕು ಮಿಲಿಮೀಟರಿನ ಕಲ್ಲೊಂದು ಎರಡು ರಾತ್ರಿ ನನ್ನನ್ನು ನೆಲದ ಮೇಲೆ ಹೊರಳಾಡಿಸಿ ತಾನಾಗಿಯೇ ಬಿದ್ದುಹೋಯಿತು. ಆಮೇಲೆ ಕಂಡಕಂಡವರೆಲ್ಲ ಹೇಳಿದ್ದು ಒಂದೇ: "ನೀರು ಜಾಸ್ತಿ ಕುಡೀರಿ, ಕಾಫಿ ಬಿಡಿ. ಅದು ಮೈಯಲ್ಲಿರೋ ನೀರನ್ನೂ ಎಳ್ಕೊಂಡು ಹೋಗುತ್ತೆ."

ದಿನಕ್ಕೆ ನಾಲ್ಕು ಕಾಫಿಯ ಮನುಷ್ಯ ನಾನು. ಬಿಡಲಾಗಲಿಲ್ಲ. ಅದಕ್ಕೆ ಪ್ರಾಯಶ್ಚಿತ್ತವೆಂಬಂತೆ, ಯಾರೋ ಹೇಳಿದ ಸೂತ್ರ ಹಿಡಿದೆ: ಒಂದು ಕಾಫಿಗೆ ಎರಡು ಲೋಟ ನೀರು ದಂಡ. ಕಾಫಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವಂತಿಲ್ಲ. ಮೂರು ತಿಂಗಳು ಹೀಗೆ ನಡೆಯಿತು. ಹಗಲಿನ ದಂಡವನ್ನೆಲ್ಲ ಸಂಜೆ ಕೂತು ಕಟ್ಟುತ್ತಿದ್ದೆ, ರಾತ್ರಿ ಮೂರು ಸಲ ಏಳುತ್ತಿದ್ದೆ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ, ಎಷ್ಟು ನೀರು ಕುಡಿಯುತ್ತೇನೆಂದು ಹೆಮ್ಮೆಯಿಂದ ಹೇಳಿದೆ. ಅವರು ತಲೆಯೆತ್ತದೆ, "ಎಷ್ಟು ಕುಡೀತೀರಿ ಅನ್ನೋದು ಇರಲಿ, ದಿನಕ್ಕೆ ಎಷ್ಟು ಹೋಗುತ್ತೆ ಅದನ್ನ ಹೇಳಿ" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಕಲ್ಲು ಆದವರಿಗೆ ವೈದ್ಯರು ಕೊಡುವ ಗುರಿ ದಿನಕ್ಕೆ ಕನಿಷ್ಠ 2.5 ಲೀಟರ್ ಮೂತ್ರ. ಒಳಗೆ ಹೋಗುವುದಕ್ಕಲ್ಲ, ಹೊರಗೆ ಬರುವುದಕ್ಕೆ ಆ ಗುರಿ. ಮೂರು ತಿಂಗಳಿಂದ ನಾನು ತಪ್ಪು ತುದಿಯಲ್ಲಿ ನಿಂತು ಎಣಿಸುತ್ತಿದ್ದೆ.

ಆ ವಾರವೇ ಒಂದು ಲೀಟರಿನ ಅಳತೆ ಜಾಡಿ ತಂದೆ. "ರೀ, ಅದು ಅಡುಗೆಮನೆ ಕಡೆ ಕಂಡ್ರೆ ನೋಡಿ!" ಎಂದಳು ಹೆಂಡತಿ. ಇಪ್ಪತ್ನಾಲ್ಕು ಗಂಟೆಯ ಲೆಕ್ಕಕ್ಕೊಂದು ಕ್ರಮವಿದೆ. ಬೆಳಿಗ್ಗೆ ಎದ್ದು ಮೊದಲು ಹೋದದ್ದನ್ನು ಅಳೆಯಬಾರದು, ಅದು ನಿನ್ನೆಯದು. ಅಲ್ಲಿಂದ ಮುಂದಿನದನ್ನೆಲ್ಲ, ಮರುದಿನ ಬೆಳಗಿನ ಮೊದಲನೆಯದನ್ನೂ ಸೇರಿಸಿ ಅಳೆಯಬೇಕು. ಕುಡಿಯುವುದನ್ನು ಅಳೆಯಲು ಅಡುಗೆಮನೆಯಲ್ಲೇ ಇದ್ದ ಬೇರೆ ಅಳತೆ ಲೋಟ ಸಾಕಾಯಿತು.

ಮೊದಲ ದಿನವೇ ಒಂದು ವಿಷಯ ಬಯಲಾಯಿತು. ನಾನು 'ಒಂದು ಕಾಫಿ' ಎನ್ನುತ್ತಿದ್ದ ಕಪ್ಪಿನಲ್ಲಿ ಇದ್ದದ್ದು ಬರೀ 120 ಮಿಲಿ. ನಾಲ್ಕು ಸೇರಿದರೂ ಅರ್ಧ ಲೀಟರಿಲ್ಲ. 'ಒಂದು ಲೋಟ ನೀರು' ಮಾತ್ರ ಮನೆಯಲ್ಲೊಂದು, ಆಫೀಸಿನಲ್ಲೊಂದು: ಒಂದು 180, ಇನ್ನೊಂದು 300 ಮಿಲಿ. ಲೋಟಗಳ ಲೆಕ್ಕದಲ್ಲಿ ಮಾತಾಡುವವರನ್ನು ಆಮೇಲೆ ನಾನು ನಂಬುವುದನ್ನೇ ಬಿಟ್ಟೆ.

ಐದು ದಿನ ಎಂದಿನಂತೆ ಕಾಫಿ ಕುಡಿದು ಅಳೆದೆ. ಪಾನೀಯವೆಲ್ಲ ಸೇರಿ ದಿನಕ್ಕೆ ಸುಮಾರು 2.6 ಲೀಟರ್ ಒಳಗೆ, 1.9ರ ಆಸುಪಾಸು ಹೊರಗೆ. ನಂತರ ಹತ್ತು ದಿನ ಕಾಫಿ ಪೂರ್ತಿ ನಿಲ್ಲಿಸಿ, ಅದೇ ಕಪ್ಪಿನಲ್ಲಿ ಅದೇ ಹೊತ್ತಿಗೆ ಬಿಸಿನೀರು ಕುಡಿದೆ. ಮೊದಲ ಎರಡು ದಿನದ ತಲೆನೋವು ಹೇಳತೀರದು. ಮೂರನೆಯ ದಿನ ಮೀಟಿಂಗಿನಲ್ಲಿ ಯಾರ ಮೇಲೋ ವಿನಾಕಾರಣ ರೇಗಿದೆ. ಆದರೆ ಜಾಡಿಯ ಅಂಕಿ ಹೆಚ್ಚೂಕಡಿಮೆ ಅದೇ: 1.8, 1.9, ಒಮ್ಮೆ 2. ಕಾಫಿ ಇದ್ದಾಗಲೂ ದಿನದಿಂದ ದಿನಕ್ಕೆ ಅಷ್ಟು ಏರುಪೇರು ಇದ್ದೇ ಇತ್ತು. ಕಾಫಿ ಮೈಯ ನೀರನ್ನು ಎಳೆದೊಯ್ಯುತ್ತಿದ್ದರೆ, ಬಿಟ್ಟಾಗ ಅಂಕಿ ಇಳಿಯಬೇಕಿತ್ತು.

ಮಜಾ ಆದದ್ದು ಹನ್ನೊಂದನೆಯ ದಿನ. ಆಸೆ ತಡೆಯದೆ ಬೆಳಿಗ್ಗೆ ಮೂರು ಸ್ಟ್ರಾಂಗ್ ಕಾಫಿ ಒಂದರ ಹಿಂದೊಂದು ಕುಡಿದೆ. ಮಧ್ಯಾಹ್ನದೊಳಗೆ ಐದು ಸಲ ಓಡಿದೆ, ಆ ದಿನದ ಅಂಕಿ 2.3 ದಾಟಿತು. 'ಓಹೋ, ಎಲ್ಲರೂ ಹೇಳಿದ್ದು ಇದನ್ನೇ' ಅನ್ನಿಸಿತು. ಆದರೆ ನಾಲ್ಕೈದು ದಿನದಲ್ಲಿ ಎಲ್ಲ ಮತ್ತೆ ಹಳೆಯ ಅಂಕಿಗೇ ಬಂತು.

ಇದು ನನ್ನೊಬ್ಬನ ಮೈಯ ಕತೆ, ಇದರಿಂದ ಏನೂ ಸಾಬೀತಾಗುವುದಿಲ್ಲ. ಅದಕ್ಕೇ ಸ್ವಲ್ಪ ಓದಿದೆ. ಕೆಲವು ದಿನ ಕೆಫೀನ್ ಬಿಟ್ಟವರು 250–300 ಮಿಲಿಗ್ರಾಂನಷ್ಟು, ಅಂದರೆ ಎರಡು ಮೂರು ದೊಡ್ಡ ಕಪ್ ಕಾಫಿಯಷ್ಟು, ಒಟ್ಟಿಗೆ ತೆಗೆದುಕೊಂಡರೆ ಸ್ವಲ್ಪ ಹೊತ್ತು ಮೂತ್ರ ಹೆಚ್ಚುವುದು ನಿಜ. ದಿನಾ ಕುಡಿಯುವವರ ದೇಹ ಅದಕ್ಕೆ ಒಗ್ಗಿಕೊಂಡಿರುತ್ತದೆ. ಈ ಒಗ್ಗುವಿಕೆಯನ್ನು 1928ರಲ್ಲೇ ಗಮನಿಸಿದ್ದರು, ಅದೂ ಬರೀ ಮೂವರ ಮೇಲೆ ಮಾಡಿದ ಪ್ರಯೋಗದಲ್ಲಿ. ನನ್ನ ಹನ್ನೊಂದನೆಯ ದಿನದ ಓಟಕ್ಕೆ ಅಷ್ಟು ಹಳೆಯ ವಿವರಣೆ ಇತ್ತು! 2014ರಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಕಾಫಿ ಅಭ್ಯಾಸವಿದ್ದ 50 ಗಂಡಸರಿಗೆ ಮೂರು ದಿನ ದಿನಕ್ಕೆ 200 ಮಿಲಿಯ ನಾಲ್ಕು ಕಾಫಿ, ಇನ್ನೊಂದು ಸರದಿಯಲ್ಲಿ ಮೂರು ದಿನ ಅಷ್ಟೇ ನೀರು ಕೊಟ್ಟು ನೋಡಿದರು. ದೇಹದ ನೀರಿನಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2016ರ ಇನ್ನೊಂದು ಅಧ್ಯಯನದಲ್ಲಿ ಹದಿಮೂರು ಪಾನೀಯಗಳನ್ನು ಒಂದೊಂದು ಲೀಟರ್ ಕುಡಿಸಿ ಹೋಲಿಸಿದರು. ಕಾಫಿ, ಟೀ, ಕೋಲಾ ಎಲ್ಲ ನೀರಿಗೆ ಸರಿಸಮ. ನೀರಿಗಿಂತ ಹೆಚ್ಚು ಹೊತ್ತು ಮೈಯಲ್ಲಿ ನಿಂತದ್ದು ಹಾಲು ಮತ್ತು ಓಆರ್‌ಎಸ್. ಹಾಲಿನಲ್ಲಿ ಉಪ್ಪಿನಂಶ, ಪ್ರೋಟೀನು, ಕೊಬ್ಬು ಎಲ್ಲ ಇರುವುದರಿಂದ ಹೊಟ್ಟೆಯಿಂದ ನಿಧಾನವಾಗಿ ಇಳಿಯುತ್ತದೆ.

ಅಷ್ಟೇ ಅಲ್ಲ, ನಾನು ಎಣಿಸದೇ ಬಿಟ್ಟಿದ್ದ ಊಟವೂ ಲೆಕ್ಕದಲ್ಲಿತ್ತು. ಅಮೆರಿಕದ ತಜ್ಞರು 2004ರಲ್ಲಿ ದಿನಕ್ಕೆ ಗಂಡಸರಿಗೆ 3.7, ಹೆಂಗಸರಿಗೆ 2.7 ಲೀಟರ್ ನೀರು ಎಂದು ಹೇಳಿದ್ದರು, ಅದು ಬರೀ ಕುಡಿಯುವ ನೀರಿನ ಅಂಕಿಯಲ್ಲ. ಆಹಾರದ್ದು, ಪಾನೀಯದ್ದು ಎಲ್ಲ ಸೇರಿದ ಒಟ್ಟು. ಅದರಲ್ಲಿ ಸುಮಾರು ಐದನೇ ಒಂದು ಪಾಲು ಊಟದಿಂದಲೇ ಬರುತ್ತದೆ. ಸೌತೆಕಾಯಿಯ ನೂರಕ್ಕೆ ತೊಂಬತ್ತೈದು ಪಾಲು ನೀರು. 1945ರಲ್ಲೂ ಅಲ್ಲಿನವರು ಎರಡೂವರೆ ಲೀಟರ್ ಎಂದು ಬರೆದು, ಇದರ ಬಹುಪಾಲು ಆಹಾರದಲ್ಲೇ ಇರುತ್ತದೆ ಎಂದು ಸೇರಿಸಿದ್ದರು. ಅಂಕಿ ಜನರ ಬಾಯಲ್ಲಿ ಉಳಿಯಿತು, ಸೇರಿಸಿದ ಮಾತು ಉಳಿಯಲಿಲ್ಲ.

ಕಾಫಿಯ ವಿಷಯ ಇಷ್ಟಕ್ಕೆ ಬಗೆಹರಿಯಿತು. ಆದರೆ ನನ್ನ ಗುರಿ 2.5, ಜಾಡಿ ಹೇಳುವುದು 1.9. ಕೊರತೆಗೆ ಕಾಫಿಯನ್ನು ದೂರುವಂತಿಲ್ಲ, ಹಾಗಾದರೆ ಯಾರನ್ನು ದೂರಲಿ? ಉತ್ತರ ಒಂದು ಭಾನುವಾರ ಸಿಕ್ಕಿತು. ಬಿಸಿಲಲ್ಲಿ ಮೂರು ಗಂಟೆ ಓಡಾಡಿದ್ದೆ, ಕುಡಿದದ್ದು ಎಂದಿನಷ್ಟೇ, ಹೊರಬಂದದ್ದು 1.2 ಲೀಟರ್. ಉಳಿದದ್ದೆಲ್ಲ ಬೆವರಿಗೆ ಹೋಗಿತ್ತು. ಮೂರು ತಿಂಗಳು ಕಾಫಿಗೆ ದಂಡ ಕಟ್ಟಿದ್ದೆ, ಬಿಸಿಲಿಗೆ ಒಂದು ಹನಿಯೂ ಕಟ್ಟಿರಲಿಲ್ಲ.

ಈಗ ನಾಲ್ಕೂ ಕಾಫಿಯನ್ನು ಅಷ್ಟಕ್ಕಷ್ಟೇ ನೀರೆಂದು ಬರೆದುಕೊಳ್ಳುತ್ತೇನೆ. ಕಲ್ಲಿನ ದೃಷ್ಟಿಯಿಂದಲೂ ಕಾಫಿ ಶತ್ರುವಲ್ಲ. ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಕಾಫಿ ಕುಡಿಯುವವರಿಗೆ ಕಲ್ಲಾಗುವುದು ಕಡಿಮೆಯೇ ಕಂಡಿದೆ, ಸಕ್ಕರೆ ಹಾಕಿದ ಸೋಡಾ ಕುಡಿಯುವವರಿಗೆ ಹೆಚ್ಚು. ಹಾಗಾಗಿ ನೀರಿನ ಲೆಕ್ಕಕ್ಕೆ ಸೇರುತ್ತದೆಂದು ಕೋಲಾ ಕುಡಿಯಲು ನಾನು ಹೋಗಲಿಲ್ಲ. ಸಂಜೆ ನಾಲ್ಕರ ಮೇಲೆ ಕಾಫಿಯೂ ಇಲ್ಲ. ಕೆಫೀನಿನ ಅರ್ಧ ಪಾಲು ಕರಗಲು ಐದು ಗಂಟೆ ಬೇಕು, ನಿದ್ದೆ ಕೆಡುತ್ತದೆ. ನೀರಿನ ಮುಕ್ಕಾಲು ಪಾಲನ್ನು ಸಂಜೆ ಐದರೊಳಗೆ ಮುಗಿಸುತ್ತೇನೆ, ರಾತ್ರಿ ಏಳುವುದು ಒಂದು ಸಲಕ್ಕೆ ಇಳಿದಿದೆ. ಒಂದೇ ಸಲಕ್ಕೆ ಲೀಟರುಗಟ್ಟಲೆ ಸುರಿದುಕೊಳ್ಳುವುದಿಲ್ಲ, ಹಾಗೆ ಮಾಡಿದರೆ ರಕ್ತದ ಸೋಡಿಯಂ ಇಳಿದು ಬೇರೆಯದೇ ಕಷ್ಟ. ಹೃದಯದ ಅಥವಾ ಕಿಡ್ನಿಯ ತೊಂದರೆ ಇದ್ದು ಡಾಕ್ಟರು ನೀರಿಗೇ ಮಿತಿ ಹಾಕಿರುವವರು ನನ್ನ ಅಂಕಿಗಳನ್ನು ದಯವಿಟ್ಟು ಅನುಸರಿಸಬೇಡಿ.

ದಿನಾ ಅಳೆಯುವುದನ್ನು ಬಿಟ್ಟಿದ್ದೇನೆ. ಬಣ್ಣ ನೋಡಿದರೆ ಸಾಕು, ತೆಳು ಹಳದಿ ಇದ್ದರೆ ಸರಿ. ನಡುವೆ ಒಂದು ವಾರ ಎಷ್ಟು ಕುಡಿದರೂ ಕಡು ಹಳದಿಯೇ ಬಂದು ಗಾಬರಿಯಾಗಿತ್ತು. ಆಮೇಲೆ ನೋಡಿದರೆ ಹೊಸದಾಗಿ ಶುರು ಮಾಡಿದ್ದ ಬಿ ಕಾಂಪ್ಲೆಕ್ಸ್ ಮಾತ್ರೆಯ ಕೆಲಸ. ತಿಂಗಳಿಗೊಂದು ಭಾನುವಾರ ಜಾಡಿ ಹೊರಬರುತ್ತದೆ. ಕಳೆದ ಸಲ 2.6 ಇತ್ತು. ಹೆಂಡತಿಗೆ ಹೇಳಲು ಹೋದೆ, "ಅಂಕಿ ಹೇಳಿದ್ದು ಸಾಕು, ಮೊದಲು ಅದನ್ನ ತೊಳೆದಿಡಿ" ಎಂದಳು.