ಚಪ್ಪಲಿ ಕಳಚಿದ್ದು ಗೊತ್ತಾಗದ ಕಾಲು: ಬಿ12 ಕೊರತೆಯನ್ನು ಗುರುತಿಸಲು ನಾನು ಕಲಿತ ಬಗೆ

ಉತ್ತರ ಕರ್ನಾಟಕದ ನೇಕಾರರ ಊರೊಂದರಲ್ಲಿ ನಾನು ಕ್ಲಿನಿಕ್ ತೆರೆದ ಎರಡನೆಯ ವರ್ಷ, ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ದಣಿವು ಮತ್ತು ಎದೆಬಡಿತವೆಂದು ಬಂದಿದ್ದರು. ಕಣ್ಣಿನ ರೆಪ್ಪೆಯ ಒಳಭಾಗ ಬಿಳುಚಿಕೊಂಡಿತ್ತು, ಹಿಮೋಗ್ಲೋಬಿನ್ 7.2 ಗ್ರಾಂ ಇತ್ತು. ನಮ್ಮ ಕಡೆ ರಕ್ತಹೀನತೆಯೆಂದರೆ ಕಬ್ಬಿಣದ ಕೊರತೆ ಎಂಬುದು ಬಾಯಿಪಾಠವಾಗಿದ್ದ ದಿನಗಳವು. ಕಬ್ಬಿಣದ ಮಾತ್ರೆಯ ಜೊತೆಗೆ 5 ಮಿಲಿಗ್ರಾಂನ ಫೋಲಿಕ್ ಆಮ್ಲವನ್ನು ಬರೆದುಕೊಟ್ಟೆ. ಎರಡು ತಿಂಗಳಲ್ಲಿ ಹಿಮೋಗ್ಲೋಬಿನ್ 10 ದಾಟಿತು, ಅವರ ಮುಖಕ್ಕೆ ಕಳೆ ಬಂತು, ನನಗೂ ಸಮಾಧಾನವಾಯಿತು. ಅದಾಗಿ ಐದು ತಿಂಗಳಿಗೆ ಅದೇ ತಾಯಿ ಮಗನ ಹೆಗಲು ಹಿಡಿದುಕೊಂಡು ಒಳಗೆ ಬಂದರು. "ಹತ್ತಿ ಮ್ಯಾಲ ನಡದಂಗ ಆಗತೈತ್ರಿ ಸಾಹೇಬ್ರ, ಕಾಲಾಗಿನ ಚಪ್ಪಲಿ ಕಳಚಿದ್ರೂ ಗೊತ್ತಾಗೂದಿಲ್ಲ" ಎಂದರು.

ನಗರದ ನರರೋಗ ತಜ್ಞರಿಗೆ ತೋರಿಸಿದಾಗ ರಕ್ತದ ವಿಟಮಿನ್ ಬಿ12 ಮಟ್ಟ ತೀರಾ ಕೆಳಗಿರುವುದು ತಿಳಿಯಿತು. ಅಂದು ರಾತ್ರಿ ಅವರ ಹಳೆಯ ರಕ್ತ ಪರೀಕ್ಷೆಯ ಚೀಟಿಯನ್ನು ಮತ್ತೆ ತೆಗೆದು ನೋಡಿದೆ. ಕೆಂಪು ರಕ್ತಕಣದ ಸರಾಸರಿ ಗಾತ್ರವನ್ನು ಹೇಳುವ ಎಂಸಿವಿ ಅಂಕಿ 112 ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅದು 100 ದಾಟಿದರೆ ಕಣಗಳು ಸಹಜಕ್ಕಿಂತ ದೊಡ್ಡವಾಗಿವೆ ಎಂದರ್ಥ, ಕಬ್ಬಿಣ ಕಡಿಮೆಯಾದರೆ ಅವು ಚಿಕ್ಕವಾಗುತ್ತವೆ. ನಾನು ಹಿಮೋಗ್ಲೋಬಿನ್ ಇರುವ ಸಾಲನ್ನು ಮಾತ್ರ ಓದಿದ್ದೆ.

ಬಿ12 ಬೇಕಾದಲ್ಲಿ ಫೋಲಿಕ್ ಆಮ್ಲ ಕೊಡುವ ಈ ತಪ್ಪನ್ನು ವೈದ್ಯಲೋಕ ನನಗಿಂತ ಬಹಳ ಮೊದಲೇ ಮಾಡಿ ಮುಗಿಸಿತ್ತು. ಲೂಸಿ ವಿಲ್ಸ್ ಎಂಬ ವೈದ್ಯೆ 1928ರಿಂದ ಮುಂಬಯಿಯಲ್ಲಿ ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿ, ಯೀಸ್ಟ್ ಸಾರದಿಂದ ಅದು ಗುಣವಾಗುವುದನ್ನು ತೋರಿಸಿದರು; ಆ ಸಾರದಲ್ಲಿದ್ದ ಅಂಶವೇ ಮುಂದೆ ಫೋಲಿಕ್ ಆಮ್ಲವೆಂದು ತಿಳಿಯಿತು. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1945ರ ಸುಮಾರಿಗೆ ಅಮೆರಿಕದಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ಮೇಲೆ, ಬಿ12 ಹೀರಿಕೊಳ್ಳಲಾಗದ ರೋಗಿಗಳಿಗೂ ವೈದ್ಯರು ಅದನ್ನೇ ಕೊಟ್ಟು ನೋಡಿದರು. ರಕ್ತ ಸುಧಾರಿಸಿತು, ಆದರೆ ನರಗಳು ಹಾಳಾಗುತ್ತಲೇ ಹೋದವು. ಬಿ12 ಬೇರ್ಪಟ್ಟು ಕೈಗೆ ಸಿಕ್ಕಿದ್ದು 1948ರಲ್ಲಿ.

ಇದು ಹೇಗಾಗುತ್ತದೆಂಬುದನ್ನು ರೋಗಿಗಳಿಗೆ ತಿಳಿಸುವಾಗ ನಾನು ಅಡುಗೆಮನೆಯ ಇಬ್ಬರು ಕೆಲಸಗಾರರ ಹೋಲಿಕೆ ಕೊಡುತ್ತೇನೆ. ಅಸ್ಥಿಮಜ್ಜೆಯಲ್ಲಿ ಹೊಸ ರಕ್ತಕಣ ಹುಟ್ಟಬೇಕಾದರೆ ಡಿಎನ್ಎ ತಯಾರಾಗಬೇಕು. ಅದಕ್ಕೆ ಫೋಲೇಟ್, ಅಂದರೆ ಆಹಾರದಲ್ಲೂ ದೇಹದಲ್ಲೂ ಇರುವ ಫೋಲಿಕ್ ಆಮ್ಲದ ರೂಪ, ಬೇಕು. ಆದರೆ ಬಳಕೆಯಾದ ಫೋಲೇಟಿನ ಕೈಯಲ್ಲಿರುವ ಮಿಥೈಲ್ ಎಂಬ ಗಂಟನ್ನು ಬಿಡಿಸಿ, ಅದನ್ನು ಮತ್ತೆ ಕೆಲಸಕ್ಕೆ ಕಳಿಸುವುದು ಬಿ12. ಬಿ12 ಇಲ್ಲದಿದ್ದರೆ ಫೋಲೇಟ್ ದೇಹದಲ್ಲಿದ್ದೂ ಗಂಟು ಹೊತ್ತು ಸುಮ್ಮನೆ ನಿಂತುಬಿಡುತ್ತದೆ. ಹೊರಗಿನಿಂದ ಧಾರಾಳವಾಗಿ ಫೋಲಿಕ್ ಆಮ್ಲ ಸುರಿದರೆ ಹೊಸ ಆಳುಗಳು ಬಂದಂತಾಗಿ ರಕ್ತದ ಕೆಲಸ ಸಾಗುತ್ತದೆ. ಆದರೆ ನರಗಳ ಸುತ್ತಲಿನ ಮಯಲಿನ್ ಹೊದಿಕೆಯನ್ನು ಕಾಪಾಡುವ ಕೆಲಸಕ್ಕೆ ಆ ಆಳುಗಳು ಒದಗುವುದಿಲ್ಲ, ಅಲ್ಲಿ ಬಿ12 ಬೇಕೇ ಬೇಕು. ಬೆನ್ನುಹುರಿಯ ಹಿಂಬದಿಯಲ್ಲಿ ಸಾಗುವ ಎಳೆಗಳು ಮೊದಲು ಪೆಟ್ಟು ತಿನ್ನುತ್ತವೆ. ಪಾದ ಎಲ್ಲಿದೆ, ಯಾವ ಕಡೆ ಬಾಗಿದೆ ಎಂಬ ಸುದ್ದಿಯನ್ನು ಮೆದುಳಿಗೆ ಒಯ್ಯುವುದು ಅವೇ.

ಆಮೇಲೆ ನನ್ನ ಮೇಜಿನ ಮೇಲೆ 128 ಹರ್ಟ್ಸ್‌ನ ಒಂದು ಟ್ಯೂನಿಂಗ್ ಫೋರ್ಕ್ ಬಂತು. ಕಾಲು ಜೋಮು ಎಂದು ಯಾರೇ ಬರಲಿ, ಅದನ್ನು ತಟ್ಟಿ ಹೆಬ್ಬೆರಳ ಬುಡಕ್ಕೂ ಪಾದದ ಗಂಟಿನ ಮೂಳೆಗೂ ಒತ್ತಿ, ಗುಂಯ್‌ಗುಟ್ಟುವುದು ತಿಳಿಯುತ್ತದೆಯೇ ಎಂದು ಕೇಳುತ್ತೇನೆ. ತಿಳಿಯುವುದಿಲ್ಲ ಎಂದವರಿಗೆ ಅದನ್ನೇ ಮುಂಗೈಗೆ ಹಿಡಿದಾಗ ಬೆಚ್ಚಿ ಕೈ ಹಿಂದೆಗೆದುಕೊಳ್ಳುವುದನ್ನು ನೋಡಿದ್ದೇನೆ; ಕಾಲು ಎಷ್ಟು ಮೂಕವಾಗಿತ್ತೆಂಬುದು ಅವರಿಗೂ ಆಗಲೇ ಅರಿವಾಗುತ್ತದೆ. ಎರಡೂ ಪಾದ ಜೋಡಿಸಿ, ಕಣ್ಣು ಮುಚ್ಚಿ ನಿಲ್ಲಲು ಹೇಳುವುದು ಇನ್ನೊಂದು ಪರೀಕ್ಷೆ. ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದಾಗ ಜೋಲಿ ಹೊಡೆಯುತ್ತದೆಯೇ ಎಂದು ಕೇಳಿದರೂ ಹೆಚ್ಚುಕಡಿಮೆ ಅದೇ ಉತ್ತರ ದೊರೆಯುತ್ತದೆ. ನಾಲಗೆಯ ಅಂಚು ನುಣ್ಣಗೆ ಕೆಂಪಗಾಗಿದೆಯೇ, ಖಾರ ತಾಗಿದರೆ ಉರಿಯುತ್ತದೆಯೇ, ಬೆರಳ ಗೆಣ್ಣುಗಳು ಕಪ್ಪಾಗಿವೆಯೇ ಎಂದೂ ನೋಡುತ್ತೇನೆ. ಬಿಸಿಲಿನಲ್ಲಿ ದುಡಿಯುವ ಊರಿನಲ್ಲಿ ಗೆಣ್ಣಿನ ಕಪ್ಪನ್ನು ಯಾರೂ ರೋಗವೆಂದು ಎಣಿಸುವುದಿಲ್ಲ, ನಾನೂ ಎಣಿಸಿರಲಿಲ್ಲ.

ಎಂಸಿವಿಯನ್ನು ಪೂರ್ತಿ ನಂಬುವಂತೆಯೂ ಇಲ್ಲ. ಕಬ್ಬಿಣ ಮತ್ತು ಬಿ12 ಎರಡೂ ಕಡಿಮೆಯಿದ್ದರೆ ಒಂದರ ಕೊರತೆ ಕಣವನ್ನು ಕುಗ್ಗಿಸುತ್ತದೆ, ಇನ್ನೊಂದರದು ಹಿಗ್ಗಿಸುತ್ತದೆ, ಸರಾಸರಿ ಮಾತ್ರ ಸಹಜವಾಗಿಯೇ ಕಾಣುತ್ತದೆ. ಅಂಥ ಸಂಶಯ ಬಂದಾಗ ಲ್ಯಾಬಿನ ಹುಡುಗನಿಗೆ ರಕ್ತದ ಲೇಪನವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳುತ್ತೇನೆ. ಬಿಳಿ ರಕ್ತಕಣಗಳ ಕೇಂದ್ರ ಐದಾರು ತುಂಡುಗಳಾಗಿ ಒಡೆದಂತಿದ್ದರೆ ನನಗೆ ಬೇಕಾದ ಸುಳಿವು ಸಿಗುತ್ತದೆ. ಬಿ12 ಮಟ್ಟವು ಪ್ರತಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆಯೆಂದೇ ಲೆಕ್ಕ. 200ರಿಂದ 300ರ ನಡುವೆ ಇದ್ದರೆ ಅಂಕಿಗಿಂತ ಕಾಲಿನ ಮಾತಿಗೆ ಹೆಚ್ಚು ಬೆಲೆ ಕೊಡುತ್ತೇನೆ.

ಕೆಲವು ವರ್ಷಗಳ ಹಿಂದೆ ಬಂದ ಕೈಮಗ್ಗದ ನೇಕಾರರೊಬ್ಬರು ಇದನ್ನು ಯಾವ ಪರೀಕ್ಷೆಗಿಂತಲೂ ಚೆನ್ನಾಗಿ ವಿವರಿಸಿದರು. ಕುಣಿಯಲ್ಲಿ ಕಾಲಿಳಿಬಿಟ್ಟು ಹಲಗೆ ತುಳಿಯುವಾಗ ಎಡದ್ದು ಯಾವುದು, ಬಲದ್ದು ಯಾವುದು ಎಂದು ನಲವತ್ತು ವರ್ಷ ಅವರು ಬಗ್ಗಿ ನೋಡಿದವರಲ್ಲ. "ಈಗ ಬಗ್ಗಿ ನೋಡಿ ತುಳೀಬೇಕಾಗೇತ್ರಿ, ಸೀರಿ ಮುಗಿಯೂದು ಎರಡು ದಿನ ತಡಾ ಆಗಲಿಕತ್ತೈತಿ" ಎಂದರು. ಅವರಿಗೆ ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆಯಿತ್ತು. ಜೋಮನ್ನು ಅದರ ತಲೆಗೇ ಕಟ್ಟಲಾಗಿತ್ತು. ಅವರ ಚೀಲದಲ್ಲಿದ್ದ ಮಾತ್ರೆಗಳನ್ನು ಮೇಜಿನ ಮೇಲೆ ಸುರಿಸಿದೆ. ಸಕ್ಕರೆಗೆಂದು ಮೆಟ್‌ಫಾರ್ಮಿನ್ ಇತ್ತು, ಬೆಳಿಗ್ಗೆ ಖಾಲಿ ಹೊಟ್ಟೆಗೆಂದು ಜಠರದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಇತ್ತು, ಅದನ್ನು ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ಆಹಾರದಲ್ಲಿ ಅಂಟಿಕೊಂಡಿರುವ ಬಿ12 ಬಿಡಿಸಿಕೊಳ್ಳಲು ಜಠರದ ಆಮ್ಲ ಬೇಕು, ಬಿಡಿಸಿದ್ದನ್ನು ಜಠರವೇ ಸ್ರವಿಸುವ ಒಂದು ಪ್ರೋಟೀನು ಕೈಹಿಡಿದು ಸಣ್ಣ ಕರುಳಿನ ಕೊನೆಯವರೆಗೆ ಒಯ್ಯಬೇಕು, ಅಲ್ಲಿ ಅದು ರಕ್ತಕ್ಕೆ ಸೇರಬೇಕು. ಪ್ಯಾಂಟೊಪ್ರಜೋಲ್ ಮೊದಲ ಹೆಜ್ಜೆಗೆ ಅಡ್ಡ ನಿಂತರೆ ಮೆಟ್‌ಫಾರ್ಮಿನ್ ಕೊನೆಯ ಹೆಜ್ಜೆಗೆ ನಿಲ್ಲುತ್ತದೆ. ಮೇಲಾಗಿ ಅವರು ಹುಟ್ಟು ಸಸ್ಯಾಹಾರಿ.

ಸಸ್ಯಾಹಾರದ ಮಾತು ಬಂದೊಡನೆ ರೋಗಿಗಳು ಸ್ವಲ್ಪ ಬಿಗಿಯಾಗುತ್ತಾರೆ, ಮೊಟ್ಟೆ ತಿನ್ನು ಎನ್ನುತ್ತಾನೇನೋ ಎಂಬ ಅನುಮಾನ. ನಾನು ಹಾಗೆ ಹೇಳುವುದಿಲ್ಲ. ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ಮೊಳಕೆ ಕಾಳು, ಶೇಂಗಾ ಹಿಂಡಿ ಇರುವ ನಮ್ಮ ತಟ್ಟೆಯಲ್ಲಿ ಫೋಲೇಟಿಗೆ ಬರವಿಲ್ಲ. ಬಿ12 ಮಾತ್ರ ಅದರಲ್ಲಿ ಇಲ್ಲವೇ ಇಲ್ಲ, ಏಕೆಂದರೆ ಬ್ಯಾಕ್ಟೀರಿಯಾಗಳ ಹೊರತು ಯಾವ ಗಿಡವೂ ಪ್ರಾಣಿಯೂ ಅದನ್ನು ತಯಾರಿಸಲಾರದು. ಹಸುವಿನ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಮಾಡಿದ್ದು ಹಾಲಿಗೆ ಇಳಿಯುತ್ತದೆ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಸಿಗುತ್ತದೆ, ನಮಗೆ ದಿನಕ್ಕೆ ಬೇಕಾದದ್ದು 2 ಮೈಕ್ರೋಗ್ರಾಂಗಿಂತ ತುಸು ಹೆಚ್ಚು. "ಹಾಲು ಕುಡೀತೀನ್ರಿ" ಎನ್ನುವವರ ಹಾಲು ಎಷ್ಟೋ ಸಲ ಎರಡು ಕಪ್ ಚಹಾಕ್ಕೆ ಬಿದ್ದ ನಾಲ್ಕು ಚಮಚವಷ್ಟೇ ಆಗಿರುತ್ತದೆ. ಮಜ್ಜಿಗೆಯ ಕಥೆಯೂ ಅಷ್ಟೇ, ನೀರೇ ಹೆಚ್ಚು. ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿರುವ ಬಹುಪಾಲು ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ಹುಸಿ ಬಿ12. ಅದಕ್ಕೆ ದುಡ್ಡು ಸುರಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಯಕೃತ್ತಿನಲ್ಲಿ ಕೆಲವು ವರ್ಷಗಳಿಗಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ಬಹಳ ನಿಧಾನವಾಗಿ ಬರುತ್ತದೆ, ಹಾಗಾಗಿಯೇ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ.

ನೇಕಾರರಿಗೆ 1000 ಮೈಕ್ರೋಗ್ರಾಂ ಬಿ12ರ ಸೂಜಿಯನ್ನು ದಿನ ಬಿಟ್ಟು ದಿನ ಎರಡು ವಾರ, ಅನಂತರ ವಾರಕ್ಕೊಂದು, ಆಮೇಲೆ ತಿಂಗಳಿಗೊಂದರಂತೆ ಕೊಟ್ಟೆ. ಪ್ಯಾಂಟೊಪ್ರಜೋಲ್ ನಿಲ್ಲಿಸಿದೆ, ಸಕ್ಕರೆಗೆ ಬೇಕಾದ ಮೆಟ್‌ಫಾರ್ಮಿನ್ ಮುಂದುವರಿಸಿದೆ. ಕೋಬಾಲ್ಟ್ ಇರುವ ಈ ವಿಟಮಿನ್ನಿನ ಬಣ್ಣವೇ ಕೆಂಪು, ಹಾಗಾಗಿ ನಮ್ಮಲ್ಲಿ ಇದಕ್ಕೆ "ಕೆಂಪು ಸೂಜಿ" ಎಂಬ ಹೆಸರು. ಅದನ್ನು ಶಕ್ತಿಯ ಸೂಜಿಯೆಂದು ತಿಳಿದು ಕೊರತೆಯಿಲ್ಲದವರೂ ತೋಳು ಮುಂದೆ ಚಾಚುತ್ತಾರೆ, ಅವರನ್ನು ಹಿಂದಕ್ಕೆ ಕಳಿಸುವುದೇ ಒಂದು ದೊಡ್ಡ ಕೆಲಸ. ನರಕ್ಕೆ ಪೆಟ್ಟಾಗಿಲ್ಲದವರಿಗೆ ನಾನು ಮಾತ್ರೆಯನ್ನೇ ಬರೆಯುತ್ತೇನೆ. ಹೀರಿಕೊಳ್ಳುವ ದಾರಿ ಕೆಟ್ಟಿದ್ದರೂ ನುಂಗಿದ್ದರಲ್ಲಿ ನೂರಕ್ಕೆ ಒಂದು ಪಾಲು ತಾನಾಗಿ ಒಳಗೆ ಸೇರುತ್ತದೆ, 1000 ಮೈಕ್ರೋಗ್ರಾಂನ ಮಾತ್ರೆಗೆ ಅಷ್ಟೇ ಸಾಕು.

ಒಂದು ವಾರದಲ್ಲಿ ನೇಕಾರರ ನಾಲಗೆಯ ಉರಿ ಹೋಯಿತು. ಕಾಲು ಅವಸರ ಮಾಡಲಿಲ್ಲ. ಐದನೆಯ ತಿಂಗಳು ಬಂದಾಗ ಫೋರ್ಕಿನ ಕಂಪನ ಪಾದದ ಗಂಟಿನಲ್ಲಿ ತಿಳಿಯುತ್ತಿತ್ತು, ಹೆಬ್ಬೆರಳಿನಲ್ಲಿ ಇನ್ನೂ ಇಲ್ಲ. ಹಲಗೆಯನ್ನು ಮಾತ್ರ ನೋಡದೆ ತುಳಿಯುತ್ತಿದ್ದರು. ಮೊದಲು ಹೇಳಿದ ತಾಯಿಗೆ ಅಷ್ಟು ದಕ್ಕಲಿಲ್ಲ. ಸೂಜಿ ಶುರುವಾದ ಮೇಲೆ ಅವರ ಕಾಲು ಕೆಡುವುದು ನಿಂತಿತು, ಕೋಲು ಬಿಡುವಷ್ಟು ಸುಧಾರಿಸಲಿಲ್ಲ. ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ, ಕುಳಿತೊಡನೆ ಮೊದಲು ಬಗ್ಗಿ ಎರಡೂ ಚಪ್ಪಲಿ ಕಾಲಲ್ಲೇ ಇವೆಯೇ ಎಂದು ನೋಡಿಕೊಳ್ಳುತ್ತಾರೆ, ಆಮೇಲೆ ತೋಳು ಚಾಚುತ್ತಾರೆ.