ಅಕ್ಟೋಬರ್ ಬಿಸಿಲು ಅರಿವೆಗೆ, ಕಾರ್ತಿಕದ ಚಳಿ ಸೂಜಿಗೆ

ದೀಪಾವಳಿಗೆ ಕೌದಿ ಕೊಡುತ್ತೇನೆ ಎಂದು ಯಾರಿಗೂ ಮಾತು ಕೊಡಬೇಡಿ. ಪುಣೆಗೆ ಬಂದು ನೆಲೆಸಿ, ಮನೆಯಲ್ಲೇ ಹಳೆಯ ಅರಿವೆಯ ಪದರ ಸೇರಿಸಿ ಕೌದಿ ಹೊಲಿದು ನಾಲ್ಕು ಕಾಸು ಕಾಣುತ್ತಿರುವ ನಮ್ಮ ಧಾರವಾಡ, ವಿಜಾಪುರ, ಬೆಳಗಾವಿ ಕಡೆಯ ಹೆಣ್ಣುಮಕ್ಕಳು ಕೇಳಿದಾಗಲೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಗಣಪತಿ ಕಳಿಸಿ ಕೈ ತೊಳೆಯುವಷ್ಟರಲ್ಲಿ ಫೋನು ಶುರುವಾಗುತ್ತವೆ: ‘ಕಾಕೂ, ದಿವಾಳಿಗೆ ಒಂದು ಗೋಧಡಿ ಬೇಕಿತ್ತು.’ ಕೌದಿಗೆ ಇಲ್ಲಿನವರು ಗೋಧಡಿ ಎನ್ನುತ್ತಾರೆ. ಅತ್ತ ಮನೆಯಲ್ಲಿ ಹಬ್ಬದ ತಿಂಡಿಯ ಫರಾಳ ಆಗಬೇಕು, ಮೂಲೆ ಮೂಲೆ ಗುಡಿಸಬೇಕು, ಮಕ್ಕಳಿಗೆ ರಜೆ, ಊರಿಂದ ಬರುವವರು ಬೇರೆ. ಇವುಗಳ ನಡುವೆ ರಾತ್ರಿಯೆಲ್ಲ ಕೂತು ಹೊಲಿದ ಕೌದಿಯ ಹೊಲಿಗೆ ಉದ್ದಗಿಡ್ಡ ಆಗಿಯೇ ಆಗುತ್ತದೆ. ಗಿರಾಕಿಗೆ ನಯವಾಗಿ ಹೇಳಿ: ಪುಣೆಗೆ ಚಳಿ ಇಳಿಯುವುದೇ ದೀಪಾವಳಿ ಆದಮೇಲೆ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಇಲ್ಲಿ ಪಾರಾ 10 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಹೊದೆಯುವ ಕಾಲಕ್ಕೆ ಕೌದಿ ಕೈಗೆ ಬಂದರೆ ಸಾಕಲ್ಲವೇ? ದತ್ತ ಜಯಂತಿಯೊಳಗೆ ಅಥವಾ ಸಂಕ್ರಾಂತಿಯೊಳಗೆ ಎಂದು ದಿನ ಹೇಳಿ, ಅದನ್ನು ತಪ್ಪಿಸಬೇಡಿ.

ಹಾಗಾದರೆ ಹಬ್ಬದ ಈ ಎರಡು ತಿಂಗಳು ಸುಮ್ಮನೆ ಕೂರಬೇಕೇ? ಇಲ್ಲ. ಕೌದಿಯ ಅರ್ಧ ಕೆಲಸ ಅರಿವೆಯದು, ಅದಕ್ಕೆ ಇದೇ ಕಾಲ.

ಪಿತೃಪಕ್ಷದ ಹದಿನೈದು ದಿನ ಹೊಸದನ್ನು ಯಾರೂ ಕೊಳ್ಳುವುದಿಲ್ಲ. ಆಗ ಟ್ರಂಕು, ಕಪಾಟು ಎಲ್ಲ ಖಾಲಿ ಮಾಡಿ ಹಳೆಯ ಸೀರೆ, ಧೋತರಗಳನ್ನು ನೆಲಕ್ಕೆ ಹರಡಿ. ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಎರಡೂ ಹೆಬ್ಬೆರಳು ಊರಿ ಅಡ್ಡಕ್ಕೆ ಎಳೆಯಿರಿ. ಪರ್ ಎಂದು ಸದ್ದು ಬಂದರೆ ಅದು ನೆಲ ಒರೆಸಲಿಕ್ಕೆ ಸರಿ, ಕೌದಿಗೆ ಬೇಡ. ಒಳಗೆ ತಾನೇ ಇರುತ್ತದೆ, ಯಾರಿಗೆ ಕಾಣುತ್ತದೆ ಎಂದು ಜೀರ್ಣವಾದ ಅರಿವೆಯನ್ನು ನಡುವೆ ತುರುಕುವವರನ್ನು ನೋಡಿದ್ದೇನೆ. ಎರಡು ಸಲ ಒಗೆದ ಮೇಲೆ ಅದು ಒಳಗೇ ಹರಿದು ಗಂಟುಗಂಟಾಗಿ ಒಂದು ಕಡೆ ಸೇರುತ್ತದೆ. ತೆಳುವಾದರೂ ಗಟ್ಟಿ ಉಳಿದಿರುವ ಹತ್ತಿಯೇ ಕೌದಿಗೆ ಬೇಕು. ಹಳೆಯ ಬಿಳಿ ಧೋತರ ಸಿಕ್ಕರೆ ಅದನ್ನು ಮೈಗೆ ತಾಗುವ ಬದಿಗೆ ಇಡಿ, ಅದರ ಮೆದುತನ ಹೊಸ ಅರಿವೆಗೆ ಎಂದಿಗೂ ಬರುವುದಿಲ್ಲ.

ಇಳಕಲ್ ಸೀರೆ ಬಂದರೆ ಸೆರಗನ್ನು ಬೇರೆ ಮಾಡಿ. ಅದರ ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು. ಎರಡೂ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲವಾದ್ದರಿಂದ ಕೂಡಿಸಿ ಹೊಲಿದರೆ ಮೊದಲ ಒಗೆತಕ್ಕೇ ಸುಕ್ಕು ಬೀಳುತ್ತದೆ. ನೈಲಾನ್, ಜಾರ್ಜೆಟ್ ಬೇಡವೇ ಬೇಡ. ಇನ್ನೊಂದು ಮಾತು. ಸ್ಟೀಲ್ ಪಾತ್ರೆ ಹೊತ್ತುಕೊಂಡು ಬರುವ ಭಾಂಡೆವಾಲಿಗೆ ಹಳೆ ಬಟ್ಟೆ ಹಾಕುವ ಮುಂಚೆ ಮನೆಯವರು ಗಮನಿಸದೆ ಕೊಟ್ಟುಬಿಡುವ ಹತ್ತಿ ಸೀರೆಗಳನ್ನು ತೆಗೆದಿಟ್ಟುಕೊಳ್ಳಿ. ಅಕ್ಕಪಕ್ಕದವರಿಗೂ ಹೇಳಿಡಿ. ಬುಧವಾರ, ಭಾನುವಾರದ ಜುನಾ ಬಾಜಾರದಲ್ಲೂ ಹಳೆ ಬಟ್ಟೆ ಸಿಗುತ್ತವೆ; ಅವನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆಯದೆ ಮನೆಯ ಅರಿವೆಯ ಜೊತೆ ಸೇರಿಸಬೇಡಿ.

ಮಳೆ ಹಿಂದೆ ಸರಿದು ಆಕಾಶ ತೊಳೆದಂತಾದಾಗ ಪುಣೆಯಲ್ಲಿ ಬೀಳುವ ಬಿಸಿಲು ಇದೆಯಲ್ಲ, ಜನ ‘ಅಕ್ಟೋಬರ್ ಹೀಟ್’ ಎಂದು ಬೈಯುತ್ತಾರೆ. ಬೈಯಬೇಡಿ, ಕೌದಿಯವರಿಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ದಿನಗಳಿಲ್ಲ. ಒಗೆಯುವ ಮುಂಚೆ ಬಣ್ಣ ಪರೀಕ್ಷೆ ಮಾಡಿ. ಸೀರೆಯ ಒಂದು ಮೂಲೆ ನೆನೆಸಿ, ಬಿಳಿ ಚೂರೊಂದನ್ನು ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಆ ಸೀರೆಯನ್ನು ಬೇರೆಯಾಗಿಯೇ ನೆನೆಸಿ, ನೀರು ತಿಳಿಯಾಗುವವರೆಗೆ ಹಿಂಡುತ್ತ ಹೋಗಬೇಕು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಂಬಿ ಕೂರಬೇಡಿ, ಬಿಡುವ ಬಣ್ಣ ಬಿಟ್ಟೇ ಬಿಡುತ್ತದೆ. ಕಡು ಕೆಂಪು, ಕಡು ನೀಲಿ ಎಷ್ಟು ತೊಳೆದರೂ ಬಿಡುತ್ತಿದ್ದರೆ ಬಿಳಿಯ ಪಕ್ಕಕ್ಕೆ ತರಬೇಡಿ. ಅಂಗಡಿಯಿಂದ ತಂದ ಹೊಸ ಅಸ್ತರನ್ನೂ ಒಮ್ಮೆ ನೆನೆಸಿ ಒಣಗಿಸಿಯೇ ಕತ್ತರಿಸಿ, ಕುಗ್ಗುವುದೆಲ್ಲ ಮೊದಲೇ ಕುಗ್ಗಿಬಿಡಲಿ.

ಗಂಜಿ ಹಾಕಿದ ಸೀರೆಯಲ್ಲಿ ಒಂದಿಷ್ಟೂ ಗಂಜಿ ಉಳಿಯಬಾರದು. ಕಪಾಟಿನ ಬೆಳ್ಳಿಹುಳಕ್ಕೆ ಗಂಜಿಯೇ ಊಟ, ಅದನ್ನು ತಿನ್ನುತ್ತ ಎಳೆಯನ್ನೂ ಕೊರೆಯುತ್ತದೆ. ಒಣಗಿಸಲು ಸೊಸೈಟಿಯ ಗಚ್ಚಿ ಕೇಳಿಕೊಳ್ಳಿ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗಿನ ಬಿಸಿಲು ಸಾಕು, ಬಣ್ಣದ ಮುಖ ಕೆಳಗಿರಲಿ. ಪುಣೆಯ ಪಾರಿವಾಳಗಳ ಕಾಟ ನಿಮಗೆ ಗೊತ್ತೇ ಇದೆ, ಮೇಲೊಂದು ಹಳೆ ಚಾದರ ಹೊದಿಸಿಯೇ ಕೆಳಗಿಳಿಯಿರಿ. ಚಿವಡಾಕ್ಕೆ ತಂದ ತೆಳು ಅವಲಕ್ಕಿಯೂ ಇದೇ ಬಿಸಿಲಿಗೆ ಬರಲಿ. ಬಿಸಿಲು ಕಂಡ ಅವಲಕ್ಕಿ ಹುರಿಯುವಾಗ ಮುದುರುವುದಿಲ್ಲ, ಗರಿಗರಿಯಾಗಿ ಉಳಿಯುತ್ತದೆ. ಅರಿವೆಯಿಂದ ದೂರ ಹರಡಿ ಅಷ್ಟೇ, ನೂಲಿನ ಎಳೆ ತಿಂಡಿಯಲ್ಲಿ ಬರಬಾರದು.

ಒಣಗಿದ್ದನ್ನು ತಂದ ಕೂಡಲೇ ಮಡಚಿ ಒಳಗಿಡಬೇಡಿ. ಕೋಣೆಯಲ್ಲಿ ಹರಡಿ, ಬಿಸಿ ಆರಿದ ಮೇಲೆ ಮಡಚಿ. ನಡುವೆ ನೆರಳಲ್ಲಿ ಒಣಗಿಸಿದ ಬೇವಿನ ಎಲೆಯನ್ನು ತೆಳು ಅರಿವೆಯಲ್ಲಿ ಗಂಟು ಕಟ್ಟಿ ಇಟ್ಟರಾಯಿತು. ಹುಳ ಬರದಂತೆ ಬಟ್ಟೆಯಲ್ಲಿಡುವ ಡಾಂಬರ ಗುಳಿಗೆಯ (ನುಸಿಗುಳಿಗೆಯ) ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಹಸುಗೂಸಿಗೆ ಹೊಲಿಯುವ ದುಪಟಿಗೆ, ಅದಕ್ಕೆ ಬಳಸುವ ಅರಿವೆಗೆ, ಆ ಗುಳಿಗೆ ತಾಗಲೇಬಾರದು. ಕೆಲವು ಕೂಸುಗಳ ರಕ್ತದಲ್ಲಿ ಹುಟ್ಟಿನಿಂದ ಒಂದು ಕಿಣ್ವದ ಕೊರತೆ ಇರುತ್ತದೆ. ಅಂಥವಕ್ಕೆ ಆ ಗುಳಿಗೆಯ ವಾಸನೆ ಕುಡಿದ ಬಟ್ಟೆಯಿಂದಲೇ ರಕ್ತಕಣ ಒಡೆದು ಕಾಮಾಲೆ ಏರುತ್ತದೆ. ಯಾವ ಕೂಸಿಗೆ ಆ ಕೊರತೆ ಇದೆ ಎಂದು ನೋಡಿ ಹೇಳಲು ಆಗುವುದಿಲ್ಲ. ಬಾಣಂತಿ ಮನೆಗೆ ಹೋಗುವ ಕೌದಿಯನ್ನು ಬೇವಿನ ಎಲೆಯಲ್ಲೇ ಇಡಿ, ಕೊಡುವ ಮುಂಚೆ ಇನ್ನೊಮ್ಮೆ ಒಗೆಯಿರಿ.

ನವರಾತ್ರಿಯ ಹೊತ್ತಿಗೆ ಅರಿವೆ ಸಿದ್ಧವಾಗಿರಬೇಕು. ಖಂಡೇನವಮಿಗೆ ಕತ್ತರಿ, ಸೂಜಿ, ಮಷೀನು ಎಲ್ಲ ಪೂಜೆಗೆ ಕೂರುತ್ತವೆ, ಆ ದಿನ ಅವನ್ನು ಮುಟ್ಟುವ ಹಾಗಿಲ್ಲ. ಹಿಂದಿನ ದಿನವೇ ಕತ್ತರಿಗೆ ಸಾಣೆ ಹಿಡಿಸಿ, ಮಷೀನಿನ ಹಲ್ಲಿನ ಕೆಳಗೆ ಕೂತ ಹತ್ತಿ ತೆಗೆದು ಎಣ್ಣೆ ಬಿಡಿ, ತುಕ್ಕು ಹಿಡಿದ ಸೂಜಿ ಎಸೆಯಿರಿ. ಹೀಗೆ ಮಾಡಿದರೆ ಪೂಜೆಯೂ ಆಯಿತು, ವರ್ಷದ ರಿಪೇರಿಯೂ ಆಯಿತು. ದಾರಕ್ಕೆ ನಾನು ರವಿವಾರ ಪೇಠೆಯ ಬೋಹರಿ ಆಳಿ ಎಂಬ ಓಣಿಗೇ ಹೋಗುತ್ತೇನೆ. ದೀಪಾವಳಿ ಹತ್ತಿರ ಬಂತೆಂದರೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಅದಕ್ಕೇ ದಸರೆಗೆ ಮೊದಲೇ ವರ್ಷದ ದಾರ ತಂದಿಟ್ಟುಬಿಡುವುದು ಒಳ್ಳೆಯದು.

ವಿಜಯದಶಮಿ ಮೂರೂವರೆ ಮುಹೂರ್ತಗಳಲ್ಲಿ ಒಂದು, ಪಂಚಾಂಗ ನೋಡುವ ಕೆಲಸವಿಲ್ಲ. ಇಲ್ಲಿನವರು ಆಪಟೆಯ ಎಲೆ ಕೊಡುತ್ತಾರೆ, ನಾವು ‘ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ’ ಎನ್ನುತ್ತೇವೆ. ಮಧ್ಯಾಹ್ನ ಊಟ ಮುಗಿದ ಮೇಲೆ ಹಾಲ್‌ನ ಸಾಮಾನು ಸರಿಸಿ, ಹೊಸ ಕೌದಿಯ ಪದರ ಹಾಸಿ. ಮನೆಮಂದಿಯೆಲ್ಲ ಇರುವ ದಿನ, ನಾಲ್ಕು ಮೂಲೆ ಹಿಡಿದು ಬಿಗಿಯಾಗಿ ಎಳೆಯಲು ನಾಲ್ಕು ಜನ ಸಿಗುತ್ತಾರೆ. ಆರು ವಾರಿಯ ಮೂರು ಸೀರೆಯಲ್ಲಿ ಒಬ್ಬರು ಹೊದೆಯುವ ಐದು ಪದರದ ಕೌದಿ ಆಗುತ್ತದೆ. ಕಚ್ಚಾ ಹೊಲಿಗೆಯನ್ನು ನಡುವಿನಿಂದ ಹೊರಕ್ಕೆ ಹಾಕುತ್ತ ಹೋಗಿ, ಸುಕ್ಕೆಲ್ಲ ಅಂಚಿಗೆ ಸರಿದು ಹೋಗುತ್ತದೆ. ಅಷ್ಟಾದರೆ ಸುತ್ತಿ ಕಪಾಟಿನ ಮೇಲಿಡಿ. ಪಕ್ಕಾ ಹೊಲಿಗೆಗೆ ಅವಸರ ಬೇಡ.

ಸೀಗೆ ಹುಣ್ಣಿಮೆಗೆ ಊರಲ್ಲಿ ಹೊಲಕ್ಕೆ ಚರಗ ಚೆಲ್ಲುತ್ತಿದ್ದೆವು, ಇಲ್ಲಿ ಅದೇ ಹುಣ್ಣಿಮೆ ಕೋಜಾಗಿರಿ, ಗಚ್ಚಿಯ ಮೇಲೆ ಮಸಾಲೆ ಹಾಲು. ಅಂದು ಬೇಗ ಕೆಲಸ ಬಿಟ್ಟು ಎಲ್ಲರ ಜೊತೆ ಕೂತು ಹಾಲು ಕುಡಿಯಿರಿ.

ದೀಪಾವಳಿಯ ಫರಾಳದ ಬಗ್ಗೆ ಎಲ್ಲರಿಗೂ ಗೊತ್ತು, ಒಂದೆರಡು ಮಾತು ಸಾಕು. ಚಕ್ಕುಲಿಯ ಭಾಜಣಿಗೆ ಅಕ್ಕಿ ನಾಲ್ಕು ಪಾಲು, ಕಡಲೆಬೇಳೆ ಎರಡು, ಉದ್ದಿನಬೇಳೆ ಒಂದು. ಜೊತೆಗೆ ಧನಿಯಾ, ಜೀರಿಗೆ. ಹುರಿದು ಬೀಸಿಸಿ ಮೊದಲೇ ಇಟ್ಟುಕೊಳ್ಳಿ. ಅನಾರಸೆಗೆ ಅಕ್ಕಿ ಮೂರು ದಿನ ನೆನೆಯಬೇಕು, ದಿನಾ ನೀರು ಬದಲಿಸಬೇಕು. ಕೈಯಲ್ಲಿ ಕೌದಿ ಇರುವ ವರ್ಷ ಅನಾರಸೆಯನ್ನು ಅಂಗಡಿಯಿಂದ ತಂದರೆ ಏನೂ ಕಡಿಮೆಯಾಗುವುದಿಲ್ಲ. ಆಫೀಸಿಗೆ ಹೋಗುವ ಸೊಸೆಯ ಮೇಲೆ ಎಲ್ಲ ಹೊರಿಸಬೇಡಿ, ಶಂಕರಪಾಳಿ ಕತ್ತರಿಸಲು ಮಗನನ್ನೂ ಕೂರಿಸಿ.

ಕರ್ನಾಟಕದ ಮಕ್ಕಳಿಗೆ ದಸರೆಯ ರಜೆ ದೊಡ್ಡದು, ಇಲ್ಲಿಯ ಮಕ್ಕಳಿಗೆ ದೀಪಾವಳಿಯದು. ಮೊಮ್ಮಕ್ಕಳು ಮನೆಯಲ್ಲೇ ಇರುತ್ತಾರೆ, ಅಂಗಳದಲ್ಲಿ ಮಣ್ಣಿನ ಕಿಲ್ಲೆ (ಪುಟ್ಟ ಕೋಟೆ) ಕಟ್ಟುತ್ತಾರೆ. ಅದಕ್ಕೆ ಗೋಣಿಚೀಲ ಬೇಕೆಂದು ಕೇಳಿದಾಗ ಕೊಡಲು ಒಂದೆರಡು ಹಳೆಯವನ್ನು ಎತ್ತಿಡಿ, ಇಲ್ಲದಿದ್ದರೆ ನಿಮ್ಮ ಒಗೆದ ಅಸ್ತರು ಕೆಸರಾಗುತ್ತದೆ. ಆಕಾಶಕಂದೀಲು ಮಾಡಲು ಅವರಿಗೇ ಬೇರೆ ಕತ್ತರಿ ಕೊಡಿ. ಕಾಗದ ಕತ್ತರಿಸಿದ ಕತ್ತರಿ ಮೊಂಡಾಗಿ ಅರಿವೆಯನ್ನು ಜಗಿಯುತ್ತದೆ. ಬದಲಿಗೆ ಅವರಿಂದ ಒಂದು ಕೆಲಸ ತೆಗೆದುಕೊಳ್ಳಿ: ಸಂಜೆ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಡಲಿ. ಮರುದಿನ ನಮ್ಮ ಕಣ್ಣಿಗೆ ಅದೆಷ್ಟು ಹಗುರ!

ನರಕ ಚತುರ್ದಶಿಯಿಂದ ಭಾವುಬೀಜದವರೆಗೆ ಸೂಜಿ ಹಿಡಿಯಬೇಡಿ. ಕೈಯಲ್ಲಿ ಎಣ್ಣೆ, ತುಪ್ಪ, ಸ್ನಾನಕ್ಕೆ ಹಚ್ಚುವ ಉಟಣೆ ಇರುತ್ತದೆ. ಚೂರುಗಳ ಚೀಲವನ್ನು ಹಣತೆ ಇಡುವ ಹೊಸ್ತಿಲು, ಕಿಟಕಿಗಳಿಂದ ದೂರ ಇಡಿ. ಲಕ್ಷ್ಮೀಪೂಜೆಯ ಸಂಜೆ ಬಾಲ್ಕನಿಯ ಹಗ್ಗದಲ್ಲಿ ಒಂದು ಅರಿವೆಯೂ ಇರಬಾರದು, ಎಲ್ಲಿಯದೋ ರಾಕೆಟ್ ಬಂದು ಬೀಳಬಹುದು. ಆದರೂ ಅರಿವೆಗೆ ಎಣ್ಣೆ ಹತ್ತಿತೆಂದರೆ ಒರೆಸಲು ಹೋಗದೆ ಅಕ್ಕಿಹಿಟ್ಟು ದಪ್ಪಗೆ ಹಾಕಿ ರಾತ್ರಿಯಿಡೀ ಬಿಡಿ, ಬೆಳಗ್ಗೆ ಕೊಡವಿ ಸಾಬೂನು ಹಚ್ಚಿ. ಅರಿಶಿನ ಹತ್ತಿದ್ದರೆ ಸಾಬೂನು ತಾಗಿದ ಕೂಡಲೇ ಕೆಂಪಾಗುತ್ತದೆ, ಗಾಬರಿಯಾಗಬೇಡಿ. ತೊಳೆದು ಬಿಸಿಲಿಗೆ ಹಾಕಿದರೆ ಆ ಬಣ್ಣವನ್ನು ಬಿಸಿಲೇ ತಿನ್ನುತ್ತದೆ. ಸೂಜಿ ಚುಚ್ಚಿ ರಕ್ತ ಹತ್ತಿದರೆ ತಣ್ಣೀರು ಮಾತ್ರ. ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ.

ತುಳಸಿ ಲಗ್ನ ಮುಗಿಯುವ ಹೊತ್ತಿಗೆ ರಾತ್ರಿ ತಂಪಾಗಿರುತ್ತದೆ, ತೊಡೆಯ ಮೇಲೆ ಐದು ಪದರ ಹರಡಿಕೊಂಡು ಕೂರಲು ಹಿತವಾಗುತ್ತದೆ. ಈಗ ಹೊಲಿಯಿರಿ. ದಾರ ಒಂದೂವರೆ ಮೊಳಕ್ಕಿಂತ ಉದ್ದ ಬೇಡ, ಉದ್ದವಾದಷ್ಟೂ ಸಿಕ್ಕು. ಜೇನುಮೇಣದ ತುಂಡಿನ ಮೇಲೆ ಒಮ್ಮೆ ಎಳೆದುಕೊಂಡರೆ ಜಾರುತ್ತ ಸಾಗುತ್ತದೆ. ಪಕ್ಕಾ ಹೊಲಿಗೆ ಅಂಚಿನಿಂದ ಒಳಕ್ಕೆ ಸುತ್ತುತ್ತ ಬರಲಿ. ಕಪ್ಪು, ನೀಲಿ ಚೂರುಗಳನ್ನು ಹಗಲಿಗೆ ಉಳಿಸಿ, ರಾತ್ರಿ ತಿಳಿ ಬಣ್ಣದವನ್ನಷ್ಟೇ ಹೊಲಿಯಿರಿ. ಬಲಗೈಯವರಿಗೆ ದೀಪ ಎಡಗಡೆ ಇರಬೇಕು, ಇಲ್ಲದಿದ್ದರೆ ಕೈಯ ನೆರಳು ಹೊಲಿಗೆಯ ಮೇಲೆ ಬೀಳುತ್ತದೆ. ಬೆನ್ನು ಗೋಡೆಗೆ ಇರಲಿ. ಮಂಡಿನೋವು ಇದ್ದವರು ಹಟ ಮಾಡದೆ ಕುರ್ಚಿಯಲ್ಲಿ ಕೂತು ಮೇಜಿನ ಮೇಲೆ ಕೌದಿ ಹರಡಿಕೊಳ್ಳಿ. ಒಂದೆಳೆ ದಾರ ಮುಗಿದಾಗಲೆಲ್ಲ ಏಳಿ, ಅಡುಗೆಮನೆಗೆ ಹೋಗಿ ಬನ್ನಿ, ಆಮೇಲೆ ಇನ್ನೊಂದು ಸೂಜಿ ಹಿಡಿಯಿರಿ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳು ಮೂಲೆಗಳಿಗೆ ಚೂರನ್ನು ಮಡಚಿ ತ್ರಿಕೋನವಾಗಿ ಹೊಲಿಯುತ್ತಾರೆ, ‘ಫೂಲ’ ಎನ್ನುತ್ತಾರೆ. ನೋಡಲು ಚಂದ, ಮೊದಲು ಸವೆಯುವ ಮೂಲೆಗೆ ಬಲವೂ ಬರುತ್ತದೆ. ನೀವೂ ಹಾಕಿ.

ಬೆಲೆಯ ಮಾತು ಮೊದಲ ದಿನವೇ ಆಗಿರಬೇಕು. ಎಷ್ಟು ತಾಸು ಹೊಲಿದಿರಿ ಎಂದು ಕ್ಯಾಲೆಂಡರ್ ಮೇಲೆ ಬರೆದಿಡಿ. ನಿಮ್ಮ ಓಣಿಯಲ್ಲಿ ಅಡುಗೆಯವರಿಗೆ ತಾಸಿಗೆ ಎಷ್ಟು ಕೊಡುತ್ತಾರೋ ಅದಕ್ಕಿಂತ ಕಡಿಮೆಗೆ ನಿಮ್ಮ ಕೈಯನ್ನು ಮಾರಬೇಡಿ. ಸಂಚಕಾರ, ಅಂದರೆ ಮುಂಗಡ, ಅರ್ಧ ತೆಗೆದುಕೊಳ್ಳಿ. ತಾಯಿಯ ಸೀರೆ, ಅಜ್ಜಿಯ ಸೀರೆ ತಂದು ಹೊಲಿದುಕೊಡಿ ಎನ್ನುವವರೂ ಬರುತ್ತಾರೆ. ಅಂಥ ಸೀರೆಗೆ ಕತ್ತರಿ ಹಾಕುವ ಮುಂಚೆ ಎಲ್ಲಿ ಕತ್ತರಿಸುತ್ತೇನೆ ಎಂದು ಅವರೆದುರೇ ತೋರಿಸಿ, ಉಳಿದ ಚೂರನ್ನೆಲ್ಲ ಮರಳಿ ಕೊಡಿ. ಅವರ ಪಾಲಿಗೆ ಅದು ಬರೀ ಅರಿವೆ ಅಲ್ಲ. ಹೆಣ್ಣುಮಕ್ಕಳ ಬಾಣಂತನಕ್ಕೆ ಕೊಡುವ ಕೌದಿಗೆ ನಾನು ಹಣ ಕೇಳುವುದಿಲ್ಲ. ಉಳಿದ ನೆಂಟರಿಗೆಲ್ಲ ಬೆಲೆ ಹೇಳುತ್ತೇನೆ, ನೀವೂ ಸಂಕೋಚ ಪಡಬೇಡಿ. ಡಿಸೆಂಬರಿನ ಭೀಮಥಡಿ ಜಾತ್ರೆಗೆ ಹೋಗಿ ಕೈಕೆಲಸದ ಗೋಧಡಿಗಳಿಗೆ ಏನು ಬೆಲೆ ಹೇಳುತ್ತಾರೆ ಎಂದು ಕೇಳಿಕೊಂಡು ಬನ್ನಿ, ಸಂಕೋಚ ತಾನಾಗಿಯೇ ಕಡಿಮೆಯಾಗುತ್ತದೆ.

ಕೌದಿ ಕೊಡುವಾಗ ಒಗೆಯುವ ಕ್ರಮವನ್ನೂ ಬಾಯಿಬಿಟ್ಟು ಹೇಳಿ. ವಾಷಿಂಗ್ ಮಷೀನು ಬೇಡ, ಒದ್ದೆ ಕೌದಿಯ ಭಾರಕ್ಕೆ ಹೊಲಿಗೆ ಕಿತ್ತು ಬರುತ್ತದೆ. ದೊಡ್ಡ ಟಬ್ಬಿನಲ್ಲಿ ನೆನೆಸಿ ಕಾಲಿಂದ ತುಳಿದರೆ ಸಾಕು. ತಿರುಚಿ ಹಿಂಡದೆ, ಸುತ್ತಿ ಒತ್ತಿ ನೀರು ತೆಗೆಯಬೇಕು. ಒಂದೇ ಹಗ್ಗದ ಮೇಲೆ ಹಾಕದೆ ಎರಡು ಹಗ್ಗಕ್ಕೆ ಅಡ್ಡಲಾಗಿ ಹರಡಬೇಕು. ಮಳೆಗಾಲ ಬಂದ ಮೇಲೆ ಒಗೆಯುವುದೇ ಬೇಡ, ಒಳಪದರ ಒಣಗದೆ ಮುಗ್ಗುತ್ತದೆ. ಮೇ ತಿಂಗಳ ಬಿಸಿಲಲ್ಲಿ ಒಗೆದು, ಆರಿಸಿ, ಮಡಚಿ ಎತ್ತಿಡಲಿ.