ಯಂತ್ರದ ಅನುವಾದ ತಿದ್ದುವುದು: ನಾನು ಕಲಿತುಕೊಂಡ ಬಗೆ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕಸುಬು. ಆಸ್ಪತ್ರೆಯ ಒಪ್ಪಿಗೆ ಪತ್ರ, ಔಷಧಿ ಡಬ್ಬಿಯೊಳಗಿನ ಚೀಟಿ, ಪಂಪ್‌ಸೆಟ್ ಕೈಪಿಡಿ, ಬ್ಯಾಂಕ್ ಅರ್ಜಿ, ಇಂಥವು. ಮೈಸೂರಿನ ಮನೆಯಲ್ಲೇ ಕೂತು ಮಾಡುತ್ತೇನೆ. ಈಚೆಗೆ ಬರುವ ಕೆಲಸದಲ್ಲಿ ಜಾಸ್ತಿ ಪಾಲು ಯಂತ್ರ ಮೊದಲೇ ಮಾಡಿಟ್ಟದ್ದನ್ನು ತಿದ್ದುವುದು. ಏಜೆನ್ಸಿಯವರು ಇದಕ್ಕೆ ಪೋಸ್ಟ್ ಎಡಿಟಿಂಗ್ ಅಂತಾರೆ. ಮಾನಸಗಂಗೋತ್ರಿಯಲ್ಲಿ ಅನುವಾದಕರಿಗೆಂದು ಒಂದು ಸಮಾವೇಶ ನಡೆದಾಗ ನಾನು ಹೋಗಿದ್ದು ಅದಕ್ಕೇ. ಯಂತ್ರ ಒಳಗೆ ಏನು ಮಾಡುತ್ತದೆ ಅಂತ ಗೊತ್ತಾದರೆ ನಾವು ಎಲ್ಲಿ ಹುಷಾರಾಗಿರಬೇಕು ಅನ್ನುವುದೂ ಗೊತ್ತಾಗುತ್ತದೆ, ಅಲ್ವಾ?

ಮೈಸೂರಿಗೆ ಈ ವಿಷಯ ಹೊಸದಲ್ಲ. ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇಲ್ಲಿದೆ. ರಾಷ್ಟ್ರೀಯ ಅನುವಾದ ಮಿಷನ್ ನಡೆಯುವುದೂ ಅಲ್ಲಿಂದಲೇ. ಹಾಗಾಗಿ ಸಭೆಯಲ್ಲಿ ಕಾದಂಬರಿ ಅನುವಾದಿಸುವ ಹಿರಿಯರೂ ಇದ್ದರು, ಕಂಪ್ಯೂಟರ್ ಓದಿದ ಹುಡುಗ ಹುಡುಗಿಯರೂ ಇದ್ದರು.

ಚರಿತ್ರೆಯ ಭಾಗ ಬೇಗ ಮುಗಿಯಿತು. 1954ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಮತ್ತು ಐಬಿಎಂ ಸೇರಿ 250 ಪದ, 6 ನಿಯಮ ಇಟ್ಟುಕೊಂಡು ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ತಂದು ತೋರಿಸಿದ್ದು, 1966ರಲ್ಲಿ ಅಲ್‌ಪ್ಯಾಕ್ ಎಂಬ ಸರ್ಕಾರಿ ಸಮಿತಿಯ ವರದಿ ಬಂದ ಮೇಲೆ ಅಮೆರಿಕದಲ್ಲಿ ಈ ಕೆಲಸಕ್ಕೆ ದುಡ್ಡು ಕಡಿಮೆಯಾಗಿದ್ದು, ಇವೆಲ್ಲ. ನನಗೆ ಬೇಕಾಗಿದ್ದು ಆಮೇಲಿನ ಭಾಗ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿದ್ದು 2011ರಲ್ಲಿ. 2017ರಲ್ಲಿ ಕನ್ನಡಕ್ಕೂ ನ್ಯೂರಲ್ ವಿಧಾನ ಬಂತು, ಅಂದರೆ ವಾಕ್ಯವನ್ನು ತುಂಡು ತುಂಡಾಗಿ ಅಲ್ಲದೆ ಇಡಿಯಾಗಿ ನೋಡಿ ಅನುವಾದಿಸುವ ಬಗೆ. ಅದಕ್ಕೆ ಮುಂಚೆ ತಪ್ಪು ಕಣ್ಣಿಗೆ ಹೊಡೆಯುತ್ತಿತ್ತು. ಕ್ರಿಯಾಪದ ಎಲ್ಲೋ, ವಿಭಕ್ತಿ ಇನ್ನೆಲ್ಲೋ. ಈಗ ವಾಕ್ಯ ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ, ತಪ್ಪು ಅದರೊಳಗೇ ಇರುತ್ತದೆ. ನಮ್ಮ ಕಸುಬಿಗೆ ಇದಕ್ಕಿಂತ ದೊಡ್ಡ ಬದಲಾವಣೆ ಇಲ್ಲ ಅಂತ ನನಗನಿಸುತ್ತದೆ.

ಒಬ್ಬ ಯುವ ಇಂಜಿನಿಯರ್ ಪರದೆಯ ಮೇಲೆ 'ಮನೆಗಳಲ್ಲಿರುವವರಿಗೂ' ಅನ್ನುವಂಥ ಉದ್ದದ ಪದ ಹಾಕಿ, ಯಂತ್ರ ಅದನ್ನು ಹೇಗೆ ತುಂಡು ಮಾಡಿಕೊಳ್ಳುತ್ತದೆ ಅಂತ ತೋರಿಸಿದರು. ಆ ತುಂಡುಗಳು ವ್ಯಾಕರಣದ ಪ್ರಕಾರ ಬರುವುದಿಲ್ಲ. ಓದಿದ ಪಠ್ಯದಲ್ಲಿ ಯಾವ ತುಂಡು ಮತ್ತೆ ಮತ್ತೆ ಸಿಕ್ಕಿತೋ ಹಾಗೆ ಬರುತ್ತವೆ. ಹಿರಿಯ ಅನುವಾದಕಿಯೊಬ್ಬರು ಎದ್ದು ಕೇಳಿದರು: "ಅಲ್ಲಪ್ಪಾ, ಒಂದು ವಾಕ್ಯದಲ್ಲಿ ನೀವು ಅನ್ನುತ್ತೆ, ಮುಂದಿನದರಲ್ಲಿ ನೀನು ಅನ್ನುತ್ತೆ. ಇದ್ಯಾಕೆ?"

"ಮೇಡಂ, ಎಷ್ಟೋ ಸಿಸ್ಟಮ್‌ಗಳು ಒಂದೊಂದೇ ವಾಕ್ಯ ತಗೊಳ್ತವೆ. ಹಿಂದಿನ ವಾಕ್ಯದಲ್ಲಿ ಏನಿತ್ತು ಅಂತ ಅದಕ್ಕೆ ಗೊತ್ತೇ ಇರಲ್ಲ."

ನನ್ನ ಕೆಲಸದ ಕ್ರಮ ಬದಲಾಗಿದ್ದು ಆ ಉತ್ತರದಿಂದ. ಯಂತ್ರ ವಾಕ್ಯ ವಾಕ್ಯವಾಗಿ ನೋಡುವುದಾದರೆ, ಇಡೀ ಕಡತದ ಮೇಲೆ ಕಣ್ಣಿಡುವ ಕೆಲಸ ಪೂರ್ತಿ ನನ್ನದೇ. ಈಗ ಮರ್ಯಾದೆಯ ರೂಪಗಳಿಗೆಂದೇ ಒಂದು ಸುತ್ತು ಓದುತ್ತೇನೆ, ಬೇರೇನೂ ನೋಡುವುದಿಲ್ಲ. ಪಾರಿಭಾಷಿಕ ಪದಗಳಿಗೆ ಇನ್ನೊಂದು ಸುತ್ತು. ಒಮೆಗಾಟಿ ಎಂಬ ಉಚಿತ ತಂತ್ರಾಂಶದಲ್ಲಿ ನನ್ನದೇ ಪದಪಟ್ಟಿ ಇಟ್ಟುಕೊಂಡಿದ್ದೇನೆ. ಹಳೆಯ ಅನುವಾದಗಳೂ ಅದರಲ್ಲೇ ಕೂಡಿಬರುತ್ತವೆ, ಎಲ್ಲ ನನ್ನ ಕಂಪ್ಯೂಟರಿನಲ್ಲೇ ಉಳಿಯುತ್ತದೆ.

ಆದರೆ ಇದಕ್ಕೆಲ್ಲ ಮುಂಚೆ ಮಾಡುವ ಕೆಲಸವೇ ಮುಖ್ಯ. ಕನ್ನಡದ ಕಡೆ ನೋಡುವುದಕ್ಕೆ ಮೊದಲು ಇಂಗ್ಲಿಷ್ ಪೂರ್ತಿ ಓದುತ್ತೇನೆ. ನಿಷೇಧ, ಷರತ್ತು, ಅಂಕಿ, ಅಳತೆ ಬಂದಲ್ಲೆಲ್ಲ ಗುರುತು ಹಾಕುತ್ತೇನೆ. ಒಂದು ಔಷಧಿ ಚೀಟಿಯ ಉದಾಹರಣೆ ಕೊಡುತ್ತೇನೆ. ಮೂಲದಲ್ಲಿ ಇದ್ದದ್ದು: ವೈದ್ಯರು ಹೇಳುವವರೆಗೂ ಈ ಮಾತ್ರೆ ನಿಲ್ಲಿಸಬೇಡಿ. ಯಂತ್ರ ಕೊಟ್ಟದ್ದು: ವೈದ್ಯರು ಹೇಳದಿದ್ದರೆ ಈ ಮಾತ್ರೆ ನಿಲ್ಲಿಸಿ. ಕನ್ನಡ ಮಾತ್ರ ಓದಿದರೆ ಎಲ್ಲೂ ತಡೆಯುವುದಿಲ್ಲ, ಕಾಗುಣಿತವೂ ಸರಿ. ರೋಗಿ ಮಾತ್ರ ಮಾತ್ರೆ ಬಿಟ್ಟುಬಿಡುತ್ತಾನೆ. ಕನ್ನಡ ಮೊದಲು ಓದಿದರೆ ಕಿವಿ ಅದಕ್ಕೆ ಒಗ್ಗಿಬಿಡುತ್ತದೆ, ಆಮೇಲೆ ಇಂಗ್ಲಿಷ್ ನೋಡಿದರೂ ಅಲ್ಲಿ ಅದೇ ಇದೆ ಅನ್ನಿಸುತ್ತದೆ. ಅದಕ್ಕೇ ಮೂಲ ಮೊದಲು. ಕೊನೆಗೆ ಇಂಗ್ಲಿಷ್ ಮುಚ್ಚಿಟ್ಟು ಕನ್ನಡವನ್ನು ಬಾಯಿಬಿಟ್ಟು ಓದುತ್ತೇನೆ. 'ಮಾಡಲ್ಪಟ್ಟಿದೆ', 'ನೀಡಲ್ಪಡುತ್ತದೆ' ಅನ್ನುವ ಗಂಟುಗಳು ಆಗ ಬಿಚ್ಚಿಕೊಳ್ಳುತ್ತವೆ.

ಅಂಕದ ಮಾತೂ ಬಂತು. ಯಂತ್ರದ ಅನುವಾದಕ್ಕೆ ಬ್ಲೂ ಅಂತ ಒಂದು ಅಂಕ ಕೊಡುತ್ತಾರೆ, 2002ರಿಂದ ಬಳಕೆಯಲ್ಲಿದೆ. ಮನುಷ್ಯರು ಮಾಡಿದ ಅನುವಾದದ ಜೊತೆ ಯಂತ್ರದ ಪದಗಳು, ಪದಗುಚ್ಛಗಳು ಎಷ್ಟು ಹೊಂದಿದವು ಅಂತ ಎಣಿಸುವುದು ಅಷ್ಟೆ. ಕನ್ನಡದಲ್ಲಿ ಪ್ರತ್ಯಯ ಒಂದು ಬೇರೆಯಾದರೂ ಇಡೀ ಪದ ತಪ್ಪಾಗುತ್ತದೆ. ಹಾಗಾಗಿ ಅಕ್ಷರ ಮಟ್ಟದಲ್ಲಿ ಹೋಲಿಸುವ ಅಳತೆಗಳೂ ಬಂದಿವೆ. ಆದರೆ ಮೇಲಿನ ಮಾತ್ರೆಯ ವಾಕ್ಯಕ್ಕೆ ಯಾವ ಅಳತೆಯಲ್ಲೂ ಒಳ್ಳೆಯ ಅಂಕವೇ ಸಿಗಬಹುದು. ಏಜೆನ್ಸಿಯವರು ಅಂಕ ತೋರಿಸಿ ದರ ಇಳಿಸಿ ಅಂದಾಗ ನಾನು ಒಪ್ಪುವುದಿಲ್ಲ. ಕಡತದ ನಡುವಿನ ಒಂದು ಪುಟ ತೆಗೆದು, ಗಡಿಯಾರ ಇಟ್ಟುಕೊಂಡು ತಿದ್ದುತ್ತೇನೆ. ಅಂಥದ್ದೇ ಇನ್ನೊಂದು ಪುಟವನ್ನು ಮೊದಲಿನಿಂದ ಅನುವಾದಿಸುತ್ತೇನೆ. ಎರಡಕ್ಕೂ ಹಿಡಿದ ಹೊತ್ತು ನೋಡಿ ದರ ಹೇಳುತ್ತೇನೆ. ಪೋಸ್ಟ್ ಎಡಿಟಿಂಗ್‌ಗೆಂದೇ 2017ರಲ್ಲಿ ಐಎಸ್‌ಒ 18587 ಮಾನದಂಡ ಬಂದಿದೆ, ಅದನ್ನೂ ಎದುರಿಗಿಡುತ್ತೇನೆ. ಷರತ್ತುಗಳು ಹೆಣೆದುಕೊಂಡಿರುವ ಕಾನೂನಿನ ಪಠ್ಯವಾದರೆ ಯಂತ್ರದ್ದನ್ನು ಅಳಿಸಿ ಹೊಸದಾಗಿ ಬರೆಯುವುದೇ ಬೇಗ.

ನನಗೆ ತುಂಬ ಹಿಡಿಸಿದ್ದು, ಈ ಯಂತ್ರಗಳು ಎಲ್ಲಿಂದ ಕಲಿತವು ಅನ್ನುವ ವಿಚಾರ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2021ರಲ್ಲಿ ಸಮಾನಾಂತರ್ ಎಂಬ ವಾಕ್ಯಜೋಡಿಗಳ (ಒಂದು ವಾಕ್ಯ, ಅದರ ಅನುವಾದ) ಸಂಗ್ರಹ ಹೊರತಂದಿತು. ಅದರಲ್ಲಿ ಇಂಗ್ಲಿಷ್–ಹಿಂದಿ ಜೋಡಿಗಳು ಸುಮಾರು 1 ಕೋಟಿ, ಇಂಗ್ಲಿಷ್–ಕನ್ನಡ ಸುಮಾರು 40 ಲಕ್ಷ. 2023ರಲ್ಲಿ ಅದೇ ತಂಡದ ಇಂಡಿಕ್‌ಟ್ರಾನ್ಸ್2 ಎಂಬ ಅನುವಾದ ಯಂತ್ರ ಬಂತು, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ. ಅದಕ್ಕಾಗಿ ಅನುವಾದಕರನ್ನು ಕೂರಿಸಿ ಹೊಸದಾಗಿಯೂ ವಾಕ್ಯ ಮಾಡಿಸಿದರು. ಅಂದರೆ ಈ ಯಂತ್ರದ ಕನ್ನಡದ ಹಿಂದೆ ಅನುವಾದಕರ ದುಡಿಮೆ ಇದೆ. ಸುದ್ದಿ, ಸರ್ಕಾರಿ ಪ್ರಕಟಣೆಗಳ ಕನ್ನಡ ಅದಕ್ಕೆ ಯಥೇಚ್ಛ ಸಿಕ್ಕಿದೆ. ಮಂಡ್ಯದ ರೈತ ಗದ್ದೆ ಬದುವಿನಲ್ಲಿ ಆಡುವ ಮಾತು ಅಷ್ಟು ಸಿಕ್ಕಿಲ್ಲ. ಪಂಪ್‌ಸೆಟ್ ಕೈಪಿಡಿಯಲ್ಲಿ ನಾನು ಜಾಸ್ತಿ ಬದಲಾಯಿಸಬೇಕಾಗುವುದು ಇದೇ ಕಾರಣಕ್ಕೆ.

ನಾವು ತಿದ್ದಿ ಕಳಿಸಿದ ವಾಕ್ಯಗಳೂ ಮುಂದಿನ ಕಲಿಕೆಗೆ ಹೋಗಬಹುದು. ಆದ್ದರಿಂದ ಈಗ ಕೆಲಸ ಒಪ್ಪುವ ಮೊದಲು ಏಜೆನ್ಸಿಗೆ ಬರೆದು ಕೇಳುತ್ತೇನೆ: ತಿದ್ದಿದ್ದು ಎಲ್ಲಿಗೆ ಹೋಗುತ್ತದೆ, ರೋಗಿಯ ವಿವರ ಯಾವ ಜಾಲತಾಣಕ್ಕೆ ಏರುತ್ತದೆ? ಕೆಲವರು ಉತ್ತರಿಸುತ್ತಾರೆ, ಕೆಲವರು ಇಲ್ಲ. ಆಸ್ಪತ್ರೆಯ ಕಾಗದಗಳನ್ನು ಉತ್ತರ ಕೊಟ್ಟವರಿಂದ ಮಾತ್ರ ತೆಗೆದುಕೊಳ್ಳುತ್ತಿದ್ದೇನೆ.